ಸೀಲ್ ಕಂದರದ ದ್ರಾಕ್ಷಿಯ ಮೆಟ್ಟಿಲುಗಳು

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲೀಸಿಯ ಎಂಬ ಪ್ರಾಂತವಿದೆ. ಸ್ಪೇನ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಒಣಬಯಲು, ಸುಡುಬಿಸಿಲು, ಗೂಳಿಯ ಕಾಳಗ, ಇವುಗಳಲ್ಲಿ ಯಾವುದೂ ಅದರ ಗುರುತಲ್ಲ. ಅಟ್ಲಾಂಟಿಕ್ ಸಾಗರದ ಮೋಡಗಳು ನೇರವಾಗಿ ಬಂದು ಕರಗುವ ಆ ನಾಡು ಮಳೆಯಲ್ಲಿಯೂ ಹಸುರಿನಲ್ಲಿಯೂ ನಮ್ಮ ಮಲೆನಾಡಿನ ದಾಯಾದಿಯಂತಿದೆ. ಇಂತಹ ತೇವದ ನಾಡಿನ ಒಳಭಾಗದಲ್ಲಿ, ಲೂಗೊ ಮತ್ತು ಔರೆನ್ಸೆ ಎಂಬ ಎರಡು ಜಿಲ್ಲೆಗಳ ಗಡಿಯಲ್ಲಿ, ಸೀಲ್ ಎಂಬ ನದಿಯು ಬಂಡೆಯನ್ನು ಕೊರೆದು ಕೊರೆದು ಸುಮಾರು ೫೦೦ ಮೀಟರ್ ಆಳದ ಕಂದರವೊಂದನ್ನು ಮಾಡಿಕೊಂಡಿದೆ. ಈ ಕಂದರದ ಗೋಡೆಗಳ ಮೇಲೆ ಜನರು ದ್ರಾಕ್ಷಿಯನ್ನು ಬೆಳೆಯುತ್ತಾರೆ. ಗೋಡೆ ಎಂಬ ಮಾತನ್ನು ನಾವು ಅಲಂಕಾರಕ್ಕಾಗಿ ಬಳಸಲಿಲ್ಲ. ಬೇರೊಂದು ಕಾರ್ಯದ ನಿಮಿತ್ತ ಗಲೀಸಿಯಕ್ಕೆ ಹೋಗಿದ್ದ ನಾವು ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ, ಮೂರು ದಿನ ಆ ಕಡೆ ಅಲೆದಾಡಿದೆವು. ಮೊದಲನೆಯ ದಿನ ಕಂದರದ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ, ಅಲ್ಲಿ ಬಾಗಿ ಹಣ್ಣು ಬಿಡಿಸುತ್ತಿದ್ದವರ ನೆತ್ತಿಗಳು ಮಾತ್ರ ನಮಗೆ ಕಾಣಿಸುತ್ತಿದ್ದುವು.

ಸೀಲ್ ನದಿ ಮುಂದೆ ಓಸ್ ಪೆಯಾರೆಸ್ ಎಂಬ ಊರಿನ ಬಳಿ ಮೀನ್ಯೊ ನದಿಯನ್ನು ಸೇರುತ್ತದೆ. ಅಲ್ಲಿಂದ ಸಮುದ್ರದವರೆಗೆ ಹೆಸರು ಮೀನ್ಯೊ ನದಿಯದು. ನೀರು ಸೀಲ್‌ದು, ಕೀರ್ತಿ ಮೀನ್ಯೊದು ಎಂದು ಅಲ್ಲಿಯ ಜನ ಗಾದೆಯಾಡುತ್ತಾರೆ. ಎರಡು ನದಿಗಳ ದಂಡೆಗಳನ್ನೂ ಒಟ್ಟುಗೂಡಿಸಿ ಈ ಸೀಮೆಗೆ ರಿಬೇರಾ ಸಾಕ್ರಾ, ಎಂದರೆ ಪವಿತ್ರ ತೀರ, ಎಂದು ಹೆಸರು. ಈ ಹೆಸರಿನಲ್ಲಿಯೂ ಒಂದು ತೊಡಕಿದೆ. ಪೋರ್ಚುಗಲ್ಲಿನ ತೆರೇಸ ೧೧೨೪ರಲ್ಲಿ ಮೊಂತೆದೆರ್ರಾಮೊ ಎಂಬಲ್ಲಿಯ ಮಠಕ್ಕಾಗಿ ಬರೆಸಿಕೊಟ್ಟ ದಾನಪತ್ರದಲ್ಲಿ ಈ ಮಾತು ಮೊದಲು ಬರುತ್ತದೆ. ಬಹುಕಾಲ ಅದನ್ನು ತೀರವೆಂದೇ ಓದುತ್ತಿದ್ದರು. ಆಮೇಲೆ ಪತ್ರವನ್ನು ಮತ್ತೆ ಪರಿಶೀಲಿಸಿದ ವಿದ್ವಾಂಸರು, ಅಲ್ಲಿರುವ ಲ್ಯಾಟಿನ್ ಶಬ್ದವು ತೀರವಲ್ಲ, ಓಕ್ ಮರಗಳ ತೋಪನ್ನು ಸೂಚಿಸುತ್ತದೆ ಎಂದು ವಾದಿಸಿದರು. ಹಾಗಾದರೆ ಅದು ಪವಿತ್ರ ತೀರವಲ್ಲ, ಪವಿತ್ರ ವನ. ನಮ್ಮ ಕಡೆಯ ದೇವರಕಾಡು. ಶಾಸನಗಳನ್ನು ಓದುವವರ ಒಂದಕ್ಷರದ ವ್ಯತ್ಯಾಸದಿಂದ ಒಂದು ಸೀಮೆಯ ಹೆಸರೇ ಹುಟ್ಟಿಬಿಟ್ಟಿದೆ. ಇನ್ನು ಅದನ್ನು ಬದಲಿಸುವವರಾರು?

ಮಠಗಳಿಗೆ ಅಲ್ಲಿ ಬರವಿಲ್ಲ. ಅವುಗಳಲ್ಲಿ ಬಹಳ ಹಳೆಯದು ಸಾನ್ ಪೇದ್ರೊ ದೆ ರೋಕಸ್. ರೋಕಸ್ ಎಂದರೆ ಬಂಡೆಗಳು. ಹೆಸರಿಗೆ ತಕ್ಕಂತೆ ಅದರ ಗರ್ಭಗೃಹಗಳನ್ನು ಗ್ರಾನೈಟ್ ಬಂಡೆಯಲ್ಲಿಯೇ ಕೊರೆದಿದ್ದಾರೆ. ಒಳಗಿನ ನೆಲದಲ್ಲಿ ಮನುಷ್ಯಾಕಾರದ ಗೋರಿಗಳನ್ನೂ ಕಲ್ಲಿನಲ್ಲಿಯೇ ತೋಡಿದ್ದಾರೆ. ಅಲ್ಲಿ ದೊರೆತ ಶಿಲಾಶಾಸನದ ಕಾಲ ಕ್ರಿ.ಶ. ೫೭೩. ಈ ಸಂಖ್ಯೆಯನ್ನು ಕೇಳಿದಾಗ ನಮಗೆ ಬಾದಾಮಿಯ ನೆನಪಾದುದು ಸಹಜವೇ. ಮಂಗಲೇಶನು ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಬರೆಸಿದ ಶಾಸನ ಶಕವರ್ಷ ೫೦೦ಕ್ಕೆ, ಎಂದರೆ ಕ್ರಿ.ಶ. ೫೭೮ಕ್ಕೆ ಸೇರಿದುದು. ಒಬ್ಬರ ಸುದ್ದಿ ಮತ್ತೊಬ್ಬರಿಗೆ ತಿಳಿಯಲು ಯಾವ ದಾರಿಯೂ ಇಲ್ಲದಿದ್ದ ಆ ಕಾಲದಲ್ಲಿ, ಐದೇ ವರ್ಷಗಳ ಅಂತರದಲ್ಲಿ, ಒಂದು ಕಡೆ ಕೆಂಪು ಮರಳುಗಲ್ಲಿನಲ್ಲಿಯೂ ಇನ್ನೊಂದು ಕಡೆ ಬೂದುಬಣ್ಣದ ಗ್ರಾನೈಟಿನಲ್ಲಿಯೂ ಉಳಿಗಳು ನಡೆಯುತ್ತಿದ್ದುವು. ಇದರಿಂದ ಯಾವ ಸಿದ್ಧಾಂತವನ್ನೂ ನಾವು ಹೊರಡಿಸಹೊರಟಿಲ್ಲ. ಬಾದಾಮಿಯ ಶಿಲ್ಪವೈಭವವೂ ಅಲ್ಲಿಲ್ಲ. ಆ ಕತ್ತಲೆಯ ತಂಪಿನಲ್ಲಿ ನಿಂತಾಗ ಹಾಗೆ ಅನ್ನಿಸಿತು, ಅಷ್ಟೆ.

ದೊಡ್ಡ ಮಠವೆಂದರೆ ಸಾಂತೊ ಎಸ್ತೇವೊ ದೆ ರಿಬಾಸ್ ದೆ ಸೀಲ್. ಮೂರು ಅಂಗಳಗಳ ಭಾರೀ ಕಟ್ಟಡ. ಹಿಂದೆ ಒಂಬತ್ತು ಮಂದಿ ಬಿಷಪ್ಪರು ತಮ್ಮ ಪದವಿಗಳನ್ನು ತೊರೆದು ಇಲ್ಲಿಗೆ ಬಂದು ನೆಲಸಿದರೆಂದೂ, ಅವರ ಉಂಗುರಗಳಿಗೆ ರೋಗ ಗುಣಪಡಿಸುವ ಶಕ್ತಿಯಿತ್ತೆಂದೂ ಐತಿಹ್ಯವಿದೆ. ಉಂಗುರಗಳು ಎಂದೋ ಕಣ್ಮರೆಯಾಗಿದ್ದುವು. ೨೦೨೦ರಲ್ಲಿ ಚರ್ಚಿನ ಜೀರ್ಣೋದ್ಧಾರ ಮಾಡುತ್ತಿದ್ದಾಗ ನಾಲ್ಕು ಉಂಗುರಗಳು ಸಿಕ್ಕಿ, ಕಥೆಗೆ ಹೊಸ ಜೀವ ಬಂದಿತು. ಈಗ ಅಲ್ಲಿ ಸನ್ಯಾಸಿಗಳಿಲ್ಲ. ೧೮೩೫-೩೬ರಲ್ಲಿ ಸ್ಪೇನಿನ ಸರಕಾರ ಮಠಗಳ ಆಸ್ತಿಯನ್ನೆಲ್ಲ ವಶಪಡಿಸಿಕೊಂಡು ಮಾರಿಬಿಟ್ಟಿತು. ೨೦೦೪ರಿಂದ ಆ ಮಠ ಪ್ರವಾಸಿಗಳ ವಸತಿಗೃಹವಾಗಿದೆ.

ಮಠಕ್ಕೂ ದ್ರಾಕ್ಷಿಗೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಕ್ರೈಸ್ತರ ಪೂಜೆಗೆ ದ್ರಾಕ್ಷಾರಸ ಬೇಕೇ ಬೇಕು. ಅದಲ್ಲದೆ ಸಂತ ಬೆನೆಡಿಕ್ಟನ ನಿಯಮಾವಳಿಯು ಸನ್ಯಾಸಿಗೆ ದಿನಕ್ಕೆ ಒಂದು ಹೆಮೀನ, ಸುಮಾರು ಕಾಲು ಲೀಟರ್, ದ್ರಾಕ್ಷಾರಸವನ್ನು ಅನುಮತಿಸುತ್ತದೆ. ರೋಮನರ ಕಾಲದಲ್ಲಿಯೇ ಈ ಪ್ರದೇಶಕ್ಕೆ ಬಳ್ಳಿ ಬಂದಿತ್ತೆಂದು ಹೇಳುತ್ತಾರೆ. ರೋಮನರು ಇಲ್ಲಿದ್ದರೆಂಬುದರಲ್ಲಂತೂ ಸಂದೇಹವಿಲ್ಲ. ಸೀಲ್ ನದಿಯ ಮರಳಿನಲ್ಲಿ ಚಿನ್ನ ಹುಡುಕುವುದಕ್ಕಾಗಿ ಅವರು ಮೊಂತೆಫುರಾದೊ ಎಂಬಲ್ಲಿ ಗುಡ್ಡವನ್ನೇ ಕೊರೆದು ನದಿಯನ್ನು ಸುರಂಗದೊಳಗೆ ಹರಿಸಿದ್ದರು. ಆ ಸುರಂಗದ ಒಂದು ಭಾಗ ಇಂದಿಗೂ ನಿಂತಿದೆ. ಆದರೆ ಕಡಿದಾದ ಈ ದಂಡೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೃಷಿಗೆ ತಂದ ಕಾರ್ಯದಲ್ಲಿ ದೊಡ್ಡ ಪಾಲು ಮಧ್ಯಯುಗದ ಮಠಗಳದು. ಮಠಕ್ಕೆ ಭೂಮಿಯಿತ್ತು, ಬೆವರಿರಲಿಲ್ಲ. ಆದುದರಿಂದ ಒಕ್ಕಲುಗಳಿಗೆ ಫೋರೊ ಎಂಬ ಕರಾರಿನ ಮೇಲೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಸಾಮಾನ್ಯವಾಗಿ ಮೂರು ತಲೆಗಳ ಕಾಲ ಭೂಮಿ ಒಕ್ಕಲಿನದು. ಬೆಳೆಯಲ್ಲಿ ಗೊತ್ತಾದ ಪಾಲು ಮಠದ್ದು. ಗೋಡೆ ಕಟ್ಟುವಂತಹ ನಿಧಾನದ ಕೆಲಸಕ್ಕೆ ಮೊಮ್ಮಗನ ಕಾಲದವರೆಗೂ ಭೂಮಿ ನಮ್ಮಲ್ಲಿಯೇ ಇರುತ್ತದೆಂಬ ಭರವಸೆ ಬೇಕು. ಆ ಭರವಸೆಯನ್ನು ಈ ಕರಾರು ಕೊಟ್ಟಿತು. ಮಠಗಳು ಹೋದ ಮೇಲೂ ಪಾಲು ಕೇಳುವ ಹೊಸ ಧಣಿಗಳು ಬಂದರು. ೧೯೨೬ರ ಕಾನೂನಿನ ಬಳಿಕವೇ ಒಕ್ಕಲುಗಳು ಹಣ ಕಟ್ಟಿ ಈ ಋಣವನ್ನು ತೀರಿಸಿಕೊಳ್ಳುವಂತಾಯಿತು. ಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಿ ನಮ್ಮ ಸ್ವಂತ ವಿಷಯಕ್ಕೆ ಬರುವೆವು.

ಸೀಲ್ ನದಿ ಕಂದರದೊಳಗೆ ಸುತ್ತಿ ಬಳಸಿ ಹರಿದರೂ ಒಟ್ಟಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ. ಹೀಗಾಗಿ ಅದರ ಒಂದು ದಂಡೆ ದಕ್ಷಿಣಕ್ಕೆ ಮುಖಮಾಡಿದೆ, ಇನ್ನೊಂದು ಉತ್ತರಕ್ಕೆ. ದೋಣಿಯಲ್ಲಿ ಕುಳಿತು ನೋಡಿದರೆ ಈ ಎರಡು ದಂಡೆಗಳು ಎರಡು ದೇಶಗಳಂತೆ ತೋರುತ್ತವೆ. ದಕ್ಷಿಣಕ್ಕೆ ಮುಖಮಾಡಿದ ಅಮಾಂದಿಯ ದಂಡೆಯಲ್ಲಿ ನೀರಿನ ಅಂಚಿನಿಂದ ಆಕಾಶದವರೆಗೆ ದ್ರಾಕ್ಷಿಯ ಪಾವಟಿಗೆಗಳು. ಎದುರುದಂಡೆಯಲ್ಲಿ ಬಹುಪಾಲು ಓಕ್ ಮತ್ತು ಚೆಸ್ಟ್‌ನಟ್ ಮರಗಳ ದಟ್ಟ ಕಾಡು, ಕಲ್ಲಿಗೆ ಅಂಟಿದ ಪಾಚಿ. ಸಾಂತೊ ಎಸ್ತೇವೊ ಮತ್ತು ಸಾಂತಾ ಕ್ರಿಸ್ತೀನ ಮಠಗಳು ಇರುವುದು ಈ ಕಾಡಿನಲ್ಲಿಯೇ. ಬಳ್ಳಿಗೆ ಬಿಸಿಲನ್ನು ಕೊಟ್ಟು ಸನ್ಯಾಸಿಗಳು ನೆರಳನ್ನು ತಾವಿಟ್ಟುಕೊಂಡರು. ನದಿಯ ಅಗಲ ಹೆಚ್ಚೇನೂ ಇಲ್ಲ. ಮಳೆಯೂ ಗಾಳಿಯೂ ಎರಡು ದಂಡೆಗಳಿಗೆ ಒಂದೇ. ಹಾಗಿದ್ದರೂ ಇಷ್ಟು ಅಂತರವೇಕೆ?

ನಮ್ಮ ಕೈಚೀಲದಲ್ಲಿ ಒಂದು ಕೋನಮಾಪಕವಿತ್ತು; ಅದರ ಮಧ್ಯಕ್ಕೆ ದಾರ ಕಟ್ಟಿ, ತುದಿಗೆ ಕೊಠಡಿಯ ಬೀಗದ ಕೈ ತೂಗಿಬಿಟ್ಟೆವು. ಯಾವ ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಿಕೊಳ್ಳಬಹುದಾದ ಇಳಿಜಾರು ಮಾಪಕ ಇದು. ಅಮಾಂದಿಯ ದಂಡೆಯಲ್ಲಿ ನಾವು ಅಳೆದ ಕಡೆಗಳಲ್ಲಿ ಇಳಿಜಾರು ೩೦ ಡಿಗ್ರಿಯ ಆಸುಪಾಸಿನಲ್ಲಿತ್ತು. ಒಂದೆರಡು ಕಡೆ ಅದಕ್ಕಿಂತ ಹೆಚ್ಚು. (ಹೆಚ್ಚು ಇದ್ದ ಕಡೆ ಅಳೆಯಹೋಗಿ ನಾವು ಜಾರಿಬಿದ್ದು ಒಂದು ಬಳ್ಳಿಯನ್ನು ತಬ್ಬಿಕೊಳ್ಳಬೇಕಾಯಿತು, ಬೀಗದ ಕೈಯನ್ನು ಎರಡು ಪಾವಟಿಗೆ ಕೆಳಗೆ ಹುಡುಕಿ ತಂದೆವು.) ಆ ಸ್ಥಳದ ಅಕ್ಷಾಂಶ ೪೨.೪ ಡಿಗ್ರಿ ಉತ್ತರ. ಸೆಪ್ಟೆಂಬರ್ ೨೩ರ ಸುಮಾರಿಗೆ, ಹಗಲಿರುಳು ಸಮವಾಗಿರುವಾಗ, ನಡುಮಧ್ಯಾಹ್ನದ ಸೂರ್ಯ ಅಲ್ಲಿ ದಿಗಂತದಿಂದ ೪೭.೬ ಡಿಗ್ರಿ ಎತ್ತರದಲ್ಲಿರುತ್ತಾನೆ. ಸಮತಲವಾದ ನೆಲದ ಮೇಲೆ ಬೀಳುವ ಬಿಸಿಲು, ನೇರವಾಗಿ ಎದುರಿಗಿಟ್ಟ ಹಲಗೆಯ ಮೇಲೆ ಬೀಳುವ ಬಿಸಿಲಿನ ೦.೭೪ರಷ್ಟು. ದಕ್ಷಿಣಕ್ಕೆ ೩೦ ಡಿಗ್ರಿ ವಾಲಿದ ನೆಲದ ಮೇಲೆ ರಶ್ಮಿಗಳು ಲಂಬದಿಂದ ೧೨.೪ ಡಿಗ್ರಿ ಮಾತ್ರ ಓರೆ. ಅಲ್ಲಿ ಈ ಪ್ರಮಾಣ ೦.೯೮. ಉತ್ತರಕ್ಕೆ ಅಷ್ಟೇ ವಾಲಿದ ಎದುರುದಂಡೆಗೆ ೦.೩೦. ಅಂದರೆ ಒಂದೇ ಸೂರ್ಯನಿಂದ, ಒಂದೇ ಗಳಿಗೆಯಲ್ಲಿ, ಒಂದು ದಂಡೆ ಇನ್ನೊಂದರ ಮೂರು ಪಟ್ಟಿಗಿಂತ ಹೆಚ್ಚು ಬಿಸಿಲನ್ನು ಪಡೆಯುತ್ತದೆ.

ಇದನ್ನೇ ಬೇರೊಂದು ರೀತಿಯಲ್ಲಿ ಹೇಳುವುದು ನಮಗೆ ಹೆಚ್ಚು ಇಷ್ಟ. ಭೂಮಿ ಗೋಲಾಕಾರವಾಗಿರುವುದರಿಂದ, ಸಮಭಾಜಕವೃತ್ತದ ಕಡೆಗೆ ೩೦ ಡಿಗ್ರಿ ವಾಲಿದ ನೆಲವು, ಅದೇ ರೇಖಾಂಶದಲ್ಲಿ ೩೦ ಡಿಗ್ರಿ ಕೆಳಗಿರುವ ಸಮತಲದ ನೆಲಕ್ಕೆ ಸರಿಯಾಗಿ ಸಮಾಂತರವಾಗಿರುತ್ತದೆ. ೪೨.೪ರಿಂದ ೩೦ ಕಳೆದರೆ ೧೨.೪. ಮೈಸೂರಿನ ಅಕ್ಷಾಂಶ ೧೨.೩! ಅಮಾಂದಿಯ ದ್ರಾಕ್ಷಿಯ ತೋಟ ನಡುಮಧ್ಯಾಹ್ನದಲ್ಲಿ ಸೂರ್ಯನನ್ನು ನೋಡುವ ಕೋನ, ಮೈಸೂರಿನ ಒಂದು ಸಮತಟ್ಟಾದ ಗದ್ದೆ ನೋಡುವ ಕೋನವೇ. ವರ್ಷದ ಎಲ್ಲ ದಿನಗಳಿಗೂ ಈ ಮಾತು ನಿಜ. ಆದರೆ ಬಿಸಿಲು ಎರಡೂ ಕಡೆ ಒಂದೇ ಎಂದು ತಿಳಿಯಬಾರದು. ಅಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ರಶ್ಮಿಗಳು ಹೆಚ್ಚು ದಪ್ಪದ ವಾಯುಮಂಡಲವನ್ನು, ಸೆಪ್ಟೆಂಬರಿನಲ್ಲಿ ನೆತ್ತಿಯ ಮೇಲಿನ ದಪ್ಪದ ೧.೩೫ರಷ್ಟನ್ನು, ಹಾಯ್ದು ಬರಬೇಕು. ಡಿಸೆಂಬರಿನ ಹಗಲಂತೂ ಅಲ್ಲಿ ಸುಮಾರು ೯ ಗಂಟೆ ಮಾತ್ರ. ಸಾಗರದ ತಣ್ಣನೆಯ ಗಾಳಿಯ ಮಾತು ಬೇರೆ.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಆಕ್ಷೇಪವನ್ನೆತ್ತುವನು. ಇಳಿಜಾರನ್ನು ಕಡಿದು ಪಾವಟಿಗೆ ಮಾಡಿದೊಡನೆ ನೆಲ ಸಮತಟ್ಟಾಯಿತಲ್ಲವೆ? ಆಗ ಇಳಿಜಾರಿನ ಲಾಭವೆಲ್ಲ ಎಲ್ಲಿಗೆ ಹೋಯಿತು? ಪ್ರಶ್ನೆ ಸಾಧುವಾದುದು. ಉತ್ತರ ಗೋಡೆಯಲ್ಲಿದೆ. ಮೆಟ್ಟಿಲಿಗೆ ಎರಡು ಮುಖಗಳು: ಮಲಗಿದ ಮುಖವೊಂದು, ನಿಂತ ಮುಖವೊಂದು. ಗುಡ್ಡದ ಮೇಲೆ ಬೀಳುವ ಒಟ್ಟು ಬಿಸಿಲು ಮೆಟ್ಟಿಲು ಮಾಡಿದುದರಿಂದ ಕಡಮೆಯಾಗುವುದಿಲ್ಲ. ಅದು ಎರಡು ಮುಖಗಳಿಗೆ ಹಂಚಿಹೋಗುತ್ತದೆ. ಮೇಲಿನ ಸಂಖ್ಯೆಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ, ಸೆಪ್ಟೆಂಬರಿನ ಮಧ್ಯಾಹ್ನದಲ್ಲಿ ಮೂರರಲ್ಲಿ ಎರಡು ಪಾಲು ನೆಲಕ್ಕೂ ಅದರ ಮೇಲಿನ ಬಳ್ಳಿಗೂ ಬೀಳುತ್ತದೆ. ಮೂರರಲ್ಲಿ ಒಂದು ಪಾಲು ಗೋಡೆಗೆ. ಗೋಡೆ ಎಲೆಯಂತೆ ಬಿಸಿಲನ್ನು ಸಕ್ಕರೆಯಾಗಿ ಮಾಡಲಾರದು, ನಿಜ. ಆದರೆ ಅದು ಬಿಸಿಯಾಗಬಲ್ಲದು.

ಗೋಡೆಯ ಕಲ್ಲು ಕೆಲವೆಡೆ ಗ್ರಾನೈಟ್, ಹಲವೆಡೆ ಕಪ್ಪು ಸ್ಲೇಟು. ಸಾಯಂಕಾಲ ಆರು ಗಂಟೆಗೆ ಅಂಗೈಯನ್ನಿಟ್ಟರೆ ದೋಸೆಯ ಕಲ್ಲನ್ನು ಒಲೆಯಿಂದಿಳಿಸಿ ಸ್ವಲ್ಪ ಹೊತ್ತಾದ ಮೇಲಿನ ಬಿಸುಪು. ಹಗಲಿನ ಬಿಸಿ ಕಲ್ಲಿನೊಳಗೆ ಎಷ್ಟು ದೂರ ಇಳಿಯುತ್ತದೆ? ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಇವುಗಳಿಂದ ಗಣಿಸಿದರೆ ದಿನಕ್ಕೊಮ್ಮೆ ಏರಿಳಿಯುವ ಉಷ್ಣದ ಅಲೆ ಸುಮಾರು ೧೬ ಸೆಂಟಿಮೀಟರ್ ಒಳಹೊಕ್ಕು ಬಹುಮಟ್ಟಿಗೆ ಅಡಗುತ್ತದೆ. ಗೋಡೆಯ ಒಂದು ಚದರ ಮೀಟರಿನಲ್ಲಿ ಈ ೧೬ ಸೆಂಟಿಮೀಟರ್ ದಪ್ಪದ ಕಲ್ಲು, ನಡುವಣ ಸಂದುಗಳನ್ನು ಕಳೆದು, ೩೦೦ ಕಿಲೋಗ್ರಾಮಿಗೆ ಕಡಮೆಯಿಲ್ಲ. ರಾತ್ರಿಯಲ್ಲಿ ಅದು ಸರಾಸರಿ ೧೦ ಡಿಗ್ರಿ ತಣಿದರೆ ಹೊರಬರುವ ಉಷ್ಣ ಸುಮಾರು ೨೫ ಲಕ್ಷ ಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ಹತ್ತಿರ. ಹನ್ನೆರಡು ಗಂಟೆಗಳಿಗೆ ಹಂಚಿದರೆ ಸುಮಾರು ೬೦ ವಾಟ್. ಗೋಡೆಯ ಪ್ರತಿ ಚದರ ಮೀಟರಿನಲ್ಲಿಯೂ ಹಳೆಯ ಕಾಲದ ಒಂದು ಬಲ್ಬು ರಾತ್ರಿಯಿಡೀ ಉರಿದಂತೆ! ಇದರಲ್ಲಿ ಬಹುಭಾಗ ಆಕಾಶಕ್ಕೇ ಹೋಗುವುದೆಂಬುದನ್ನು ಮರೆಯಬಾರದು. ಆದರೂ ಗೋಡೆಗೆ ಒತ್ತಿ ನಿಂತ ಗೊಂಚಲಿಗೆ ಅಷ್ಟಿಷ್ಟು ದಕ್ಕುತ್ತದೆ. ಎತ್ತರಕ್ಕೇರಿದಂತೆ ಗಾಳಿ ಸಹಜವಾಗಿಯೇ ತಣ್ಣಗಾಗುತ್ತದೆ: ೩೦೦ ಮೀಟರಿಗೆ ಸುಮಾರು ೨ ಡಿಗ್ರಿ. ಆದುದರಿಂದ ಒಂದೇ ಗುಡ್ಡದಲ್ಲಿ ಕೆಳಗಿನ ಹಣ್ಣು ಮೊದಲು ಮಾಗಿ, ಮೇಲಿನದು ಅನಂತರ ಮಾಗುತ್ತದೆ. ಕೊಯ್ಲು ಗುಡ್ಡವನ್ನು ಮೆಲ್ಲಗೆ ಹತ್ತುತ್ತ ಹೋಗುತ್ತದೆ.

ಕೆಳಗಿನ ನದಿ ಕನ್ನಡಿಯಂತೆ ಬಿಸಿಲನ್ನು ಮೇಲಕ್ಕೆಸೆದು ಹಣ್ಣನ್ನು ಮಾಗಿಸುತ್ತದೆ ಎಂದು ದೋಣಿಯಲ್ಲಿ ನಮಗೆ ಸ್ಥಳಪರಿಚಯ ಮಾಡಿಕೊಡುತ್ತಿದ್ದ ಯುವತಿ ಹೇಳಿದಳು. ಇದನ್ನು ಮಾತ್ರ ನಾವು ಒಪ್ಪಲಾರೆವು. ಸೂರ್ಯ ೪೭ ಡಿಗ್ರಿ ಎತ್ತರದಲ್ಲಿರುವಾಗ ನೀರು ಪ್ರತಿಫಲಿಸುವುದು ನೂರರಲ್ಲಿ ಎರಡು ಮೂರು ಪಾಲು. ಸೂರ್ಯ ದಿಗಂತದಿಂದ ೧೦ ಡಿಗ್ರಿಯಷ್ಟೇ ಮೇಲಿದ್ದರೆ ಮೂರರಲ್ಲೊಂದು ಪಾಲು ಪ್ರತಿಫಲಿಸುತ್ತದೆ. ಆದರೆ ಇಷ್ಟು ಆಳದ ಕಂದರದೊಳಗೆ ಅಷ್ಟು ಓರೆಯಾದ ಬಿಸಿಲು ಇಳಿಯುವುದೇ ಅಪರೂಪ. ನೀರು ಕಾಣಲು ಹೊಳೆಯುತ್ತದೆ, ಆದುದರಿಂದ ಜನ ನಂಬುತ್ತಾರೆ.

ಗೋಡೆಗಳಿಗೆ ಗಾರೆಯಿಲ್ಲ, ಸಿಮೆಂಟಿಲ್ಲ. ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚೂರುಗಲ್ಲು, ಅಷ್ಟೆ. ಇದು ಬಡತನದ ಫಲವೆಂದು ನಾವು ಮೊದಲು ಭಾವಿಸಿದ್ದೆವು. ನಮ್ಮ ಭಾವನೆ ತಪ್ಪು ಎಂಬುದನ್ನು ಒಂದು ಕುಸಿದ ಗೋಡೆಯ ಬಳಿ ಕಲಿತೆವು. ಅಲ್ಲಿ ಎಪ್ಪತ್ತು ದಾಟಿದ ಮುದುಕನೊಬ್ಬ, ಕೊಯ್ಲಿನ ಗಡಿಬಿಡಿಯ ನಡುವೆಯೂ, ಮೂರು ಮೀಟರ್ ಉದ್ದದ ಬಿರುಕನ್ನು ಒಬ್ಬನೇ ಮುಚ್ಚುತ್ತಿದ್ದ. ನಮ್ಮ ಜೊತೆಗೆ ಬಂದಿದ್ದ ವಿದ್ಯಾರ್ಥಿ ಮಿತ್ರನು ಅವನ ಗಲೀಸಿಯನ್ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಸಿಮೆಂಟು ಹಾಕಬಾರದೇಕೆ ಎಂದು ಕೇಳಿದೆವು. ಮುದುಕ ನಕ್ಕು, ಪಕ್ಕದ ತೋಟದಲ್ಲಿ ಸಿಮೆಂಟಿನಿಂದ ಕಟ್ಟಿದ್ದ ಒಂದು ಗೋಡೆಯನ್ನು ತೋರಿಸಿದ. ಅದು ನಡುವಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಬಿರಿದಿತ್ತು.

ಕಾರಣ ಜಲಶಾಸ್ತ್ರದ ಮೊದಲ ಪಾಠದಲ್ಲಿಯೇ ಇದೆ. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ಮಳೆಯ ನೀರು ನಿಂತಿತೆಂದುಕೊಳ್ಳೋಣ. ಬುಡದಲ್ಲಿ ಒತ್ತಡ ಚದರ ಮೀಟರಿಗೆ ೨ ಟನ್, ಮೇಲ್ಗಡೆ ಸೊನ್ನೆ, ಸರಾಸರಿ ೧ ಟನ್. ಗೋಡೆಯ ಒಂದು ಮೀಟರ್ ಉದ್ದದ ಮೇಲೆ ಎರಡು ಚದರ ಮೀಟರ್ ಮುಖವಿರುವುದರಿಂದ ಒಟ್ಟು ತಳ್ಳುವಿಕೆ ೨ ಟನ್. ಇದು ನೀರಿನದು ಮಾತ್ರ; ಮಣ್ಣಿನ ತಳ್ಳುವಿಕೆ ಬೇರೆ. ಸಿಮೆಂಟಿನ ಗೋಡೆ ಈ ನೀರನ್ನು ತಡೆದು ನಿಲ್ಲಿಸಿ, ತನ್ನ ಶತ್ರುವನ್ನು ತಾನೇ ಸಾಕಿಕೊಳ್ಳುತ್ತದೆ. ಒಣಗಲ್ಲಿನ ಗೋಡೆ ಸಾವಿರ ಸಂದುಗಳಿಂದ ನೀರನ್ನು ಬಿಟ್ಟುಬಿಡುತ್ತದೆ, ಮಣ್ಣನ್ನು ಮಾತ್ರ ಹಿಡಿಯುತ್ತದೆ. ಅದು ಗುಡ್ಡದ ಕಡೆಗೆ ಸ್ವಲ್ಪ ವಾಲಿ ನಿಂತಿರುವುದರಿಂದ ಅದರ ಭಾರವೇ ಮಣ್ಣಿನ ವಿರುದ್ಧ ಒರಗುತ್ತದೆ. ನೆಲ ಕೊಂಚ ಅಲುಗಿದರೆ ಕಲ್ಲುಗಳು ಒಂದರ ಮೇಲೊಂದು ಜರುಗಿ ಹೊಂದಿಕೊಳ್ಳುತ್ತವೆ, ಬಿರಿಯುವುದಿಲ್ಲ. ಸ್ಪೇನೂ ಸೇರಿದಂತೆ ಎಂಟು ಐರೋಪ್ಯ ದೇಶಗಳ ಈ ಒಣಗಲ್ಲಿನ ಕಲೆಯನ್ನು ಯುನೆಸ್ಕೊ ಸಂಸ್ಥೆ ೨೦೧೮ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮುದುಕನಿಗೆ ಇದನ್ನು ಹೇಳಿದಾಗ ಅವನು, ಹಾಗಾದರೆ ಅವರಲ್ಲಿ ಇಬ್ಬರನ್ನು ನಾಳೆ ಬೆಳಗ್ಗೆ ಇಲ್ಲಿಗೆ ಕಳುಹಿಸಿಕೊಡಿ ಎಂದ.

ಅವನ ಮಾತಿನಲ್ಲಿ ಹಾಸ್ಯ ಅರ್ಧ ಮಾತ್ರ. ಅವನ ತೋಟದ ಮೇಲಿನ ನಾಲ್ಕು ಪಾವಟಿಗೆಗಳಲ್ಲಿ ಬಳ್ಳಿಯಿರಲಿಲ್ಲ. ಮುಳ್ಳುಪೊದೆ ಆಳೆತ್ತರ ಬೆಳೆದಿತ್ತು. ಅದರ ಒಡೆಯರ ಮಕ್ಕಳು ಬಾರ್ಸಿಲೋನದಲ್ಲಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೂದಿರೋಗವೂ, ಬೇರನ್ನು ತಿನ್ನುವ ಫಿಲಾಕ್ಸೆರ ಎಂಬ ಹೇನೂ ಬಂದು ದ್ರಾಕ್ಷಿಯನ್ನು ನಾಶಮಾಡಿದಾಗಲೇ ಗಲೀಸಿಯದ ಜನ ಬ್ಯೂನಸ್ ಐರಿಸ್, ಹವಾನಗಳಿಗೆ ಹಡಗು ಹತ್ತಲಾರಂಭಿಸಿದ್ದರು. ಅಮೆರಿಕದ ಬೇರಿನ ಮೇಲೆ ಕಸಿಮಾಡಿ ಬಳ್ಳಿಯನ್ನು ಉಳಿಸಿಕೊಂಡರು. ಹೋದ ಜನ ಹಿಂದಿರುಗಲಿಲ್ಲ. ಮೇಲಿನ ಪಾವಟಿಗೆ ಪಾಳುಬಿದ್ದರೆ ಕೆಳಗಿನವನಿಗೇನು ನಷ್ಟ ಎಂದು ಕೇಳಬಹುದು. ಮೇಲಿನ ಗೋಡೆಯ ಸಂದುಗಳಲ್ಲಿ ಪೊದೆಯ ಬೇರು ನುಗ್ಗುತ್ತದೆ, ಕಲ್ಲು ಸಡಿಲುತ್ತದೆ. ಒಂದು ಚಳಿಗಾಲದ ಮಳೆಗೆ ಗೋಡೆ ಉರುಳುತ್ತದೆ. ಉರುಳಿದ ಕಲ್ಲೂ ಮಣ್ಣೂ ಕೆಳಗಿನ ಪಾವಟಿಗೆಯ ಮೇಲೆ ಬಿದ್ದು, ಅದರ ಗೋಡೆಯ ಮೇಲಿನ ಹೊರೆಯನ್ನು ಹೆಚ್ಚಿಸುತ್ತವೆ. ಅದುವರೆಗೆ ಹತ್ತಾರು ದಾರಿಗಳಿಂದ ಜಿನುಗುತ್ತಿದ್ದ ನೀರು ಒಂದೇ ಕೊರಕಲಿನಲ್ಲಿ ಧುಮುಕಲಾರಂಭಿಸುತ್ತದೆ. ಹೀಗೆ ಒಂದು ಬಿದ್ದರೆ ಅದರ ಕೆಳಗಿನದು, ಅದು ಬಿದ್ದರೆ ಮತ್ತೂ ಕೆಳಗಿನದು. ಮುದುಕ ಮುಚ್ಚುತ್ತಿದ್ದ ಬಿರುಕು ಅವನ ತಪ್ಪಿನಿಂದಾದುದಲ್ಲ.

ಬೆಂಕಿಯ ಭಯ ಇನ್ನೊಂದು. ಅಗೆದು ಕಳೆ ತೆಗೆದ ದ್ರಾಕ್ಷಿಯ ಸಾಲುಗಳಲ್ಲಿ ಕಾಳ್ಗಿಚ್ಚಿಗೆ ಮೇವು ಸಿಕ್ಕುವುದಿಲ್ಲ. ಪಾಳುಬಿದ್ದ ಪಾವಟಿಗೆಯ ಒಣಪೊದೆಯಲ್ಲಿ ಬೇಕಾದಷ್ಟು ಸಿಕ್ಕುತ್ತದೆ. ಇಳಿಜಾರಿನಲ್ಲಿ ಬೆಂಕಿಯ ಜ್ವಾಲೆ ಮೇಲಿನ ಪೊದೆಗೆ ಹತ್ತಿರವಾಗಿ ವಾಲುವುದರಿಂದ, ಅದು ಹೊತ್ತುವ ಮೊದಲೇ ಅದನ್ನು ಒಣಗಿಸಿಡುತ್ತದೆ. ಆದುದರಿಂದಲೇ ಗುಡ್ಡ ಹತ್ತುವ ಬೆಂಕಿಗೆ ವೇಗ ಹೆಚ್ಚು. ೨೦೨೨ರ ಜುಲೈಯಲ್ಲಿಯೂ ೨೦೨೫ರ ಆಗಸ್ಟಿನಲ್ಲಿಯೂ ಸೀಲ್ ನದಿಯ ಮೇಲ್ದಂಡೆಯ ವಾಲ್ದಿಯೊರ್ರಾಸ್ ಸೀಮೆಯಲ್ಲಿ ಭಾರೀ ಕಾಳ್ಗಿಚ್ಚುಗಳೆದ್ದು ಮನೆಗಳನ್ನೂ ತೋಟಗಳನ್ನೂ ಸುಟ್ಟುವು. ರಿಬೇರಾ ಸಾಕ್ರಾ ಮತ್ತು ಅದರ ನೆರೆಯ ಬೆಟ್ಟಗಳು ೨೦೨೧ರಲ್ಲಿ ಯುನೆಸ್ಕೊದ ಜೀವಗೋಲ ರಕ್ಷಿತವಲಯಗಳಲ್ಲಿ ಒಂದಾದುವು. ಬೆಂಕಿಗೆ ಪಟ್ಟಿಗಳು ತಿಳಿಯವು.

ಅಣೆಕಟ್ಟುಗಳ ವಿಷಯದಲ್ಲಿ ಭೌತಶಾಸ್ತ್ರದ ಉಪಾಧ್ಯಾಯರಾದ ನಮ್ಮ ಮನಸ್ಸು ಎರಡಾಗುತ್ತದೆ. ೧೯೫೦ರ ದಶಕದಲ್ಲಿ ಸೀಲ್ ನದಿಗೆ ಸಾಂತೊ ಎಸ್ತೇವೊ ಅಣೆಕಟ್ಟನ್ನೂ, ೧೯೬೩ರಲ್ಲಿ ಮೀನ್ಯೊ ನದಿಗೆ ಬೆಲೆಸಾರ್ ಅಣೆಕಟ್ಟನ್ನೂ ಕಟ್ಟಿ ವಿದ್ಯುತ್ತನ್ನು ಪಡೆದರು. ಬೆಲೆಸಾರಿನ ಕಮಾನು ಗೋಡೆ ನೋಡತಕ್ಕುದು. ಕಂದರದಲ್ಲಿ ಇಂದು ದೋಣಿಗಳು ತೇಲುವುದೂ ಈ ನಿಂತ ನೀರಿನಿಂದಲೇ. ಕೆಲವು ತೋಟಗಳ ಹಣ್ಣು ದೋಣಿಯಲ್ಲಿಯೇ ಸಾಗುತ್ತದೆ. ಆದರೆ ನದಿಯ ಅಂಚಿನಲ್ಲಿದ್ದ, ಎಲ್ಲಕ್ಕಿಂತ ಬೆಚ್ಚಗಿದ್ದ, ಎಲ್ಲಕ್ಕಿಂತ ಮೊದಲು ಹಣ್ಣಾಗುತ್ತಿದ್ದ ಪಾವಟಿಗೆಗಳು ಮುಳುಗಿದುವು. ಪೋರ್ತೊಮರೀನ್ ಎಂಬ ಹಳೆಯ ಊರೇ ಬೆಲೆಸಾರ್ ಜಲಾಶಯದಲ್ಲಿ ಮುಳುಗಿತು. ಅಲ್ಲಿಯ ಚರ್ಚನ್ನು ಕಲ್ಲುಕಲ್ಲಾಗಿ ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಪಾವಟಿಗೆಗಳನ್ನು ಹಾಗೆ ಎತ್ತಿಡುವಂತಿರಲಿಲ್ಲ.

ಕೊಯ್ಲಿನ ದುಡಿಮೆಯನ್ನು ಒಂದು ಮಧ್ಯಾಹ್ನ ಕುಳಿತು ಲೆಕ್ಕಹಾಕಿದೆವು. ೬೦ ಕಿಲೋಗ್ರಾಮಿನ ಮನುಷ್ಯ ೨೦ ಕಿಲೋಗ್ರಾಮಿನ ಪೆಟ್ಟಿಗೆಯನ್ನು ಹೊತ್ತು ೧೦೦ ಮೀಟರ್ ಎತ್ತರಕ್ಕೆ ಏರಿದರೆ ಮಾಡುವ ಕೆಲಸ ಸುಮಾರು ೭೮,೦೦೦ ಜೂಲ್. ಸ್ನಾಯುಗಳ ದಕ್ಷತೆ ನಾಲ್ಕರಲ್ಲೊಂದು ಪಾಲೆಂದು ಹಿಡಿದರೆ, ದೇಹ ಖರ್ಚುಮಾಡುವುದು ೭೫ ಕಿಲೋಕ್ಯಾಲೊರಿ, ಒಂದು ಸಣ್ಣ ಚಪಾತಿಯಷ್ಟು. ಕಾಗದದ ಮೇಲೆ ಇದು ಅಲ್ಪ. ಮೊಣಕಾಲುಗಳು ಈ ಲೆಕ್ಕವನ್ನು ಒಪ್ಪುವುದಿಲ್ಲ, ಏಕೆಂದರೆ ಇಳಿಯುವಾಗಲೂ ಅವು ದುಡಿಯಬೇಕು. ಗಮನಿಸಬೇಕಾದುದೆಂದರೆ, ಈ ಕೆಲಸದ ಕಾಲುಭಾಗ ಮಾತ್ರ ಹಣ್ಣನ್ನೆತ್ತಲು ಸಂದಿತು; ಮುಕ್ಕಾಲು ಭಾಗ ಮನುಷ್ಯ ತನ್ನನ್ನೇ ಎತ್ತಿಕೊಳ್ಳಲು. ಈಗ ಹಲವು ತೋಟಗಳಲ್ಲಿ ಒಂಟಿಕಂಬಿಯ ಮೇಲೆ ಹಲ್ಲುಗಾಲಿಯಿಂದ ಹತ್ತುವ ಸಣ್ಣ ಯಂತ್ರದ ಬಂಡಿ ಬಂದಿದೆ. ಟ್ರಾಕ್ಟರಿನ ಮಾತಂತೂ ಇಲ್ಲ. ಶೇಕಡ ೩೦ಕ್ಕಿಂತ, ಎಂದರೆ ೧೭ ಡಿಗ್ರಿಗಿಂತ, ಕಡಿದಾದ ಇಳಿ ಮೇಲಿನ ದ್ರಾಕ್ಷಿ ಕೃಷಿಯನ್ನು ಯೂರೋಪಿನಲ್ಲಿ ವೀರಕೃಷಿ ಎನ್ನುತ್ತಾರೆ. ವೀರರು ಇರುವುದು ಅರುವತ್ತು ವರ್ಷದ ಮೇಲಿನವರಲ್ಲಿ ಎಂಬುದೇ ತೊಂದರೆ.

ಮೆನ್ಥೀಯ ಎಂಬ ಕಪ್ಪು ದ್ರಾಕ್ಷಿಯೇ ಅಲ್ಲಿಯ ಮುಖ್ಯ ಬೆಳೆ. ೧೯೯೬ರಲ್ಲಿ ಈ ಸೀಮೆಯ ಹೆಸರಿಗೆ ಸರಕಾರದ ರಕ್ಷಣೆ ದೊರೆತ ಮೇಲೆ ಅದರ ದ್ರಾಕ್ಷಾರಸಕ್ಕೆ ಹೊರಗೆ ಬೆಲೆ ಬಂದಿದೆ. ಕೆಲವು ಯುವಕರು ಹಿಂದಿರುಗಿ ಪಾಳುಗೋಡೆಗಳನ್ನು ಎತ್ತುತ್ತಿರುವುದನ್ನೂ ಕಂಡೆವು. ರಸದ ರುಚಿಯ ವಿಚಾರದಲ್ಲಿ ನಾವು ಪ್ರಮಾಣವಲ್ಲ. ಆದರೆ ಗುಡ್ಡದೊಳಕ್ಕೆ ಅರ್ಧ ಹುದುಗಿದ ಚಿಕ್ಕ ಕಲ್ಲುಮನೆಗಳಲ್ಲಿ ಅದು ಹುದುಗುವುದನ್ನು ನೋಡಿದೆವು. ಲೀಟರಿಗೆ ೨೨೦ ಗ್ರಾಂ ಸಕ್ಕರೆಯಿರುವ ರಸವನ್ನು ಯೀಸ್ಟ್ ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಒಡೆಯುವಾಗ ಹುಟ್ಟುವ ಉಷ್ಣ, ಹೊರಗೆ ಹೋಗದಿದ್ದರೆ, ರಸದ ಉಷ್ಣತೆಯನ್ನು ೨೫ ಡಿಗ್ರಿಗೂ ಮೀರಿ ಏರಿಸಬಲ್ಲದು. ಯೀಸ್ಟ್ ತನ್ನ ಬಿಸಿಯಲ್ಲಿ ತಾನೇ ಸಾಯಬಹುದು. ಮಣ್ಣಿನೊಳಗಿನ ಕೋಣೆ ಆ ಉಷ್ಣವನ್ನು ಹೀರುತ್ತದೆ. ದಿನದ ಉಷ್ಣದ ಅಲೆ ೧೬ ಸೆಂಟಿಮೀಟರ್ ಇಳಿಯುತ್ತದೆಂದು ಹೇಳಿದೆವಷ್ಟೆ. ವರ್ಷದ ಅಲೆ ೩೬೫ರ ವರ್ಗಮೂಲದಷ್ಟು, ಎಂದರೆ ೧೯ ಪಟ್ಟು, ಹೆಚ್ಚು ಆಳಕ್ಕೆ, ಸುಮಾರು ೩ ಮೀಟರ್, ಇಳಿಯುತ್ತದೆ. ಅದಕ್ಕಿಂತ ಕೆಳಗೆ ಬೇಸಗೆಯೂ ಚಳಿಗಾಲವೂ ಬಹುಮಟ್ಟಿಗೆ ಒಂದೇ. ಬಾಗಿಲು ಮುಚ್ಚಿದ ಕೋಣೆಗೆ ಹೋಗುವ ಮುನ್ನ ಅಲ್ಲಿಯವರು ಬಾಗಿಲು ತೆರೆದು ಗಾಳಿಯಾಡಲು ಬಿಡುತ್ತಾರೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ನೆಲದಲ್ಲಿ ಕುಳಿತು ಪ್ರಾಣ ತೆಗೆಯಬಲ್ಲದು.

ಹೊರಡುವ ದಿನ ಮತ್ತೆ ಆ ಮುದುಕನ ಬಳಿ ಹೋದೆವು. ಬಿರುಕು ಎದೆಮಟ್ಟಕ್ಕೆ ಮುಚ್ಚಿತ್ತು. ಅವನ ನೆಲ ನಮ್ಮ ಊರ ಕಡೆಯ ನೆಲಕ್ಕೆ ಸಮಾಂತರವಾಗಿದೆಯೆಂಬುದನ್ನು ಒಂದು ಸ್ಲೇಟುಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೋಲ ಬರೆದು ವಿವರಿಸಿದೆವು. ಅವನು ಬಹಳ ಹೊತ್ತು ನೋಡಿ, ಹಾಗಾದರೆ ನಿಮ್ಮಲ್ಲಿಯೂ ದ್ರಾಕ್ಷಿ ಬೆಳೆಯುವುದೇ ಎಂದು ಕೇಳಿದ. ಬೆಳೆಯುತ್ತದೆ, ನಮ್ಮಲ್ಲಿ ಚಳಿಗಾಲ ಸೌಮ್ಯವಾಗಿರುವುದರಿಂದ ಬಳ್ಳಿ ಎಲೆಯುದುರಿಸಿ ನಿದ್ರೆಮಾಡುವುದಿಲ್ಲ, ವರ್ಷಕ್ಕೆ ಎರಡು ಬಾರಿ ಸವರಬೇಕು ಎಂದೆವು. ನಿದ್ರೆಯೇ ಇಲ್ಲವೇ ಎಂದು ಅವನು ಎರಡು ಸಲ ಕೇಳಿದ. ಆಮೇಲೆ ನಮ್ಮ ಗೋಲದ ಚಿತ್ರವಿದ್ದ ಕಲ್ಲನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಚಿತ್ರದ ಮುಖ ಒಳಗಾಗುವಂತೆ ಗೋಡೆಯಲ್ಲಿಟ್ಟು, ಸಂದಿಗೆ ಒಂದು ಚೂರುಗಲ್ಲನ್ನು ತಟ್ಟಿ ಸೇರಿಸಿದ.